ಬಾಲಕಿಯ ಅಂಡಾಣು ಮಾರಾಟದ ಸರಕಲ್ಲ
ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ 2022ರಲ್ಲಿ ಬಯಲಾದ ಪ್ರಕರಣ ಎದೆ ನಡುಗಿಸುವಂಥದ್ದು. 16 ವರ್ಷದ ಬಾಲಕಿಯ ವಯಸ್ಸನ್ನು ನಕಲಿ ಆಧಾರ್ ಕಾರ್ಡಿನಲ್ಲಿ ಹೆಚ್ಚಿಸಿ, ಎಂಟು ಬಾರಿ ಆಕೆಯ ಅಂಡಾಣು ಮಾರಿಸಿದ ಆರೋಪ ಹೆತ್ತ ತಾಯಿಯ ಮೇಲೆಯೇ ಬಂತು.

ಅಂಡಾಣು ತೆಗೆಯಲು ಪ್ರತಿ ಬಾರಿಯೂ ಸುಮಾರು ಹತ್ತು ದಿನ ಹಾರ್ಮೋನ್ ಚುಚ್ಚುಮದ್ದು ಬೇಕು. ತಿಂಗಳಿಗೊಂದು ಅಂಡಾಣು ಮಾಗಿಸುವ ಅಂಡಾಶಯ ಆಗ ಹಲವನ್ನು ಒಟ್ಟಿಗೆ ಮಾಗಿಸುತ್ತದೆ. ಚುಚ್ಚುಮದ್ದಿನ ಪರಿಣಾಮ ಅತಿಯಾದರೆ ಅಂಡಾಶಯ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ಉಸಿರು ಕಟ್ಟಬಹುದು. ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಎಳೆಯರಲ್ಲಿ ಈ ಅಪಾಯ ಇನ್ನೂ ಹೆಚ್ಚು.

2010ರಲ್ಲಿ ಮುಂಬೈಯ 17ರ ಹುಡುಗಿಯೊಬ್ಬಳು ಅಂಡಾಣು ಕೊಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡಳು.

2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಂತೆ ಅಂಡಾಣು ದಾನಿಗೆ 23ರಿಂದ 35 ವರ್ಷವಾಗಿರಬೇಕು, ದಾನ ಜೀವನದಲ್ಲಿ ಒಮ್ಮೆ ಮಾತ್ರ. ಆದರೆ ಆಧಾರ್ ಕಾರ್ಡು ನಕಲಿಯಾಗಿರಬಹುದು; ವೈದ್ಯರು ಕಾರ್ಡಿನ ಜೊತೆಗೆ ಎದುರು ಕುಳಿತ ಮಗುವಿನ ಮುಖವನ್ನೂ ನೋಡಲಿ.