ಹಳೆಯ ಪಿಕಪ್ ಬಂಡಿಗಳ ಬ್ರೇಕಿನ ಸ್ಪ್ರಿಂಗುಗಳು

ಎತ್ತಿನ ಗಾಡಿಯು ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಈಗ ಪಿಕಪ್ ಬಂಡಿಗಳು ವಹಿಸಿಕೊಂಡಿರುವುದು ಸರ್ವವಿದಿತವಾಗಿದೆ. ಅಡಕೆ, ಟೊಮೇಟೊ, ಗೊಬ್ಬರದ ಮೂಟೆ, ಹಿಂಡಿ ಇವೆಲ್ಲವೂ ಅದರಲ್ಲಿಯೇ ಸಾಗುವುವು. ಕೂಡದೆಂದು ತಿಳಿದಿದ್ದರೂ ನಾಟಿಯ ಕಾಲದಲ್ಲಿ ಕೂಲಿಯಾಳುಗಳೂ ಅದರ ತೊಟ್ಟಿಯಲ್ಲಿಯೇ ನಿಂತು ಹೋಗುವರು. ಇಂತಹ ಬಂಡಿಗಳನ್ನು ಹತ್ತು ಹದಿನೈದು ವರ್ಷಗಳ ಬಳಕೆಯ ಅನಂತರ ಅಗ್ಗವಾಗಿ ಕೊಳ್ಳುವ ಜಮೀನುದಾರರು ಎಂಜಿನು, ಟೈರು, ಬಣ್ಣಗಳ ವಿಷಯದಲ್ಲಿ ತೋರುವ ಲಕ್ಷ್ಯವನ್ನು ಬ್ರೇಕಿನ ಸ್ಪ್ರಿಂಗುಗಳಲ್ಲಿ ತೋರುವುದಿಲ್ಲ. ಹೊಸ ಷೂಗಳನ್ನು ಹಾಕಿಸುವಾಗಲೂ ಹಳೆಯ ಸ್ಪ್ರಿಂಗುಗಳನ್ನೇ ಪುನಃ ತೊಡಿಸುವ ರೂಢಿಯು ಹಲವೆಡೆ ನಡೆದುಬಂದಿದೆ. ಈ ರೂಢಿಯನ್ನು ಬಿಡತಕ್ಕದ್ದು.

ಈ ಬಂಡಿಗಳ ಹಿಂದಿನ ಚಕ್ರಗಳಿಗೆ ಸಾಮಾನ್ಯವಾಗಿ ಡ್ರಮ್ ಬ್ರೇಕು ಇರುವುದು. ಪೆಡಲನ್ನು ತುಳಿದಾಗ ಬ್ರೇಕಿನ ಎಣ್ಣೆಯ ಒತ್ತಡವು ಎರಡು ಷೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುವುದು. ಕಾಲು ತೆಗೆದೊಡನೆ ಅವನ್ನು ಹಿಂದಕ್ಕೆ ಸೆಳೆಯುವ ಕೆಲಸವು ಸ್ಪ್ರಿಂಗುಗಳದು. ಸ್ಪ್ರಿಂಗು ಸಡಿಲಗೊಂಡರೆ ಷೂ ಪೂರ್ತಿಯಾಗಿ ಹಿಂದಿರುಗದೆ ಡ್ರಮ್ಮನ್ನು ಉಜ್ಜುತ್ತಲೇ ಇರುವುದು. ಅದರಿಂದ ಡೀಸಲು ವ್ಯರ್ಥವಾಗುವುದಲ್ಲದೆ ಡ್ರಮ್ಮು ಕಾದು, ಆ ಕಾವಿನಿಂದ ಸ್ಪ್ರಿಂಗಿನ ಹದವು ಮತ್ತಷ್ಟು ಇಳಿಯುವುದು. ಡಾಟ್ 3 ದರ್ಜೆಯ ಹೊಸ ಎಣ್ಣೆಯು 205 ಡಿಗ್ರಿ ಸೆಂಟಿಗ್ರೇಡಿಗೆ ಮೊದಲು ಕುದಿಯಕೂಡದೆಂಬ ನಿಯಮವುಂಟು. ತೇವವನ್ನು ಹೀರಿಕೊಂಡ ಎಣ್ಣೆಗಾದರೋ ಆ ಮಿತಿಯು 140 ಡಿಗ್ರಿಯಷ್ಟೆ. ಎಣ್ಣೆಯು ಕುದಿದು ಕೊಳವೆಗಳಲ್ಲಿ ಆವಿಯು ತುಂಬಿದಲ್ಲಿ, ಪೆಡಲು ನೆಲ ಮುಟ್ಟಿದರೂ ಬಂಡಿಯು ನಿಲ್ಲದು. ಚಾರ್ಮಾಡಿಯ ಘಾಟಿಯನ್ನು ಹೊರೆಯೊಡನೆ ಇಳಿಯುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಮುರಿಯದ ಸ್ಪ್ರಿಂಗನ್ನು ಬಿಸಾಡುವುದೇಕೆ ಎಂದು ಕೇಳುವವರುಂಟು. ಬಣ್ಣ ಸುಟ್ಟಿರುವುದು, ಒತ್ತೊತ್ತಾಗಿರಬೇಕಾದ ಸುರುಳಿಗಳ ನಡುವೆ ಬೆಳಕು ಕಾಣುವುದು, ಕೊಕ್ಕೆಯು ಸವೆದಿರುವುದು ಇವು ಕೆಟ್ಟ ಸ್ಪ್ರಿಂಗಿನ ಚಿಹ್ನೆಗಳೇ ಹೌದು. ಆದರೆ ಇವು ಕಾಣದಿದ್ದ ಮಾತ್ರಕ್ಕೆ ಹದ ಉಳಿದಿದೆಯೆಂದು ಹೇಳಲಾಗದು. ಷೂ ಬದಲಿಸಲು ಸ್ಪ್ರಿಂಗುಗಳನ್ನು ಹೇಗೂ ಬಿಚ್ಚಲೇಬೇಕು. ಕೂಲಿಯು ಒಂದೇ, ಸ್ಪ್ರಿಂಗುಗಳ ಬೆಲೆಯು ಷೂಗಳ ಬೆಲೆಯ ಮುಂದೆ ಅಲ್ಪ. ಇನ್ನು ಕೆಲವರು ಮುರಿದ ಕೊಕ್ಕೆಯ ಬದಲು ಮುಂದಿನ ಸುರುಳಿಯನ್ನೇ ಬಗ್ಗಿಸಿ ಕೊಕ್ಕೆ ಮಾಡಿಸುವರು. ಗಾಡಿಯ ಕಡಾಣಿಗೆ ಬದಲಾಗಿ ಬಿದಿರಿನ ಕಡ್ಡಿಯನ್ನು ಸಿಕ್ಕಿಸಿ ಸಂತೆಗೆ ಹೊರಡುವ ಒಕ್ಕಲಿಗನನ್ನು ಇವರೇ ನೋಡಿ ನಗುವರು!

ಸ್ಪ್ರಿಂಗು ತೊಡಿಸುವ ಕೆಲಸವು ಮೇಸ್ತ್ರಿಯದಾದರೂ ಯಜಮಾನನು ಹತ್ತಿರ ನಿಂತು ನೋಡುವುದು ಯುಕ್ತ. ಮುಂದಿನ ಚಕ್ರಗಳಿಗೆ ಅಡೆಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕನ್ನು ಸಡಿಲಿಸಿ, ಬಂಡಿಯನ್ನು ಬರಿಯ ಜಾಕಿನ ಮೇಲೆ ಬಿಡದೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಒಂದು ಪಕ್ಕವನ್ನು ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು. ಯಾವ ಸ್ಪ್ರಿಂಗು ಯಾವ ರಂಧ್ರಕ್ಕೆಂಬ ಸಂದೇಹಕ್ಕೆ ಬಿಚ್ಚದ ಪಕ್ಕವೇ ಉತ್ತರ ಹೇಳುವುದು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದಾದ ಕಾರಣ ಧೂಳನ್ನು ಊದದೆ ಒದ್ದೆಬಟ್ಟೆಯಿಂದ ಒರೆಸತಕ್ಕದ್ದು. ಷೂಗಳು ಉಜ್ಜುವ ತಟ್ಟೆಯ ಉಬ್ಬುಗಳಿಗೆ ಮಾತ್ರ, ಕಾವನ್ನು ತಡೆಯುವ ಗ್ರೀಸನ್ನು ತೆಳ್ಳಗೆ ಸವರಬೇಕು. ಲೈನಿಂಗಿಗೆ ಅದು ಸೋಕಕೂಡದು. ಸ್ಪ್ರಿಂಗನ್ನು ಇಕ್ಕಳದಿಂದ ಕಚ್ಚಿ ಎಳೆದರೆ ತಂತಿಗೆ ಗೀರು ಬಿದ್ದು, ಮುಂದೆ ಆ ಗೀರಿನಲ್ಲಿಯೇ ಮುರಿಯುವುದು. ಇದಕ್ಕಾಗಿಯೇ ಇರುವ ಸಲಕರಣೆಯನ್ನು ಬಳಸಬೇಕು. ಎಳೆದ ಸ್ಪ್ರಿಂಗು ಜಾರಿ ಸಿಡಿದರೆ ಕಣ್ಣಿಗೆ ಅಪಾಯವಾದುದರಿಂದ ಕನ್ನಡಕವೂ ಅವಶ್ಯಕ. ಎಡ ಬಲ ಎರಡು ಚಕ್ರಗಳಿಗೂ ಅದೇ ಬಂಡಿಗೆ ತಕ್ಕ ಹೊಸ ಸ್ಪ್ರಿಂಗುಗಳನ್ನೇ ಹಾಕಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದಾದರೆ ಬ್ರೇಕು ಸಮನಾಗಿ ಬಿಡುವುದಿಲ್ಲ.

ಡ್ರಮ್ಮನ್ನು ಕೂರಿಸಿ, ಷೂಗಳ ಅಂತರವನ್ನು ಸರಿಪಡಿಸಿದ ಮೇಲೆ ಹೊರೆಯಿಲ್ಲದ ಬಂಡಿಯನ್ನು ಸಮತಟ್ಟಾದ ದಾರಿಯಲ್ಲಿ ಮೆಲ್ಲಗೆ ಓಡಿಸಿ, ಹಲವು ಬಾರಿ ನಿಲ್ಲಿಸಿ ನೋಡಬೇಕು. ಅನಂತರ ಹಿಂದಿನ ಎರಡು ಚಕ್ರಗಳ ಬಳಿ, ಮುಟ್ಟದೆ, ಕೈಯೊಡ್ಡಿ ಕಾವನ್ನು ಹೋಲಿಸಬೇಕು. ಒಂದು ಚಕ್ರವು ಇನ್ನೊಂದಕ್ಕಿಂತ ಬಹಳ ಕಾದಿದ್ದರೆ ಆ ಪಕ್ಕದ ಷೂ ಬಿಡುತ್ತಿಲ್ಲವೆಂದು ಶಂಕಿಸಿ, ಡ್ರಮ್ಮನ್ನು ಪುನಃ ಬಿಚ್ಚಿ ನೋಡುವ ತನಕ ಮೂಟೆಗಳನ್ನು ಏರಿಸಕೂಡದು.