ಡೊಂಕು ಕಾಲು ವಿಧಿಯಲ್ಲ

ಮಗಳ ಕಾಲಿನ ಡೊಂಕನ್ನು ಉಡುಪಿನಡಿ ಮರೆಸಿ, ವಿವಾಹದ ಮಾತು ಬಂದಾಗ ಆಸ್ಪತ್ರೆಗೆ ಓಡುವ ಕುಟುಂಬಗಳು ನಮ್ಮಲ್ಲಿವೆ. ಆ ವೇಳೆಗೆ ಸುಲಭ ದಾರಿ ಮುಚ್ಚಿರುತ್ತದೆ.

ಎರಡು ವರ್ಷದವರೆಗೆ ಕಾಲು ಕೊಂಚ ಬಿಲ್ಲಿನಂತಿರುವುದು ಸಹಜ. ಬಳಿಕವೂ ಬಾಗು ಹೆಚ್ಚಿದರೆ ಅದು ತಾಯಿತದ ವಿಷಯವಲ್ಲ. ರಿಕೆಟ್ಸ್ ಇದ್ದರೆ ಮೊದಲು ಅದಕ್ಕೆ ಔಷಧಿ. ಅನೇಕರಿಗೆ ಅಷ್ಟೇ ಸಾಕು. ಸಾಲದಿದ್ದರೆ ಮೊಣಕಾಲ ಬಳಿ, ಎಲುಬು ಬೆಳೆಯುವ ಪದರದ ಒಂದು ಬದಿಗೆ ಪುಟ್ಟ ಲೋಹದ ಪಟ್ಟಿಯನ್ನು ಸ್ಕ್ರೂಗಳಿಂದ ಕೂರಿಸುತ್ತಾರೆ. ಆ ಬದಿಯ ಬೆಳವಣಿಗೆ ತಡೆಯುತ್ತದೆ, ಇನ್ನೊಂದು ಬದಿ ಬೆಳೆಯುತ್ತದೆ. ಒಂದೆರಡು ವರ್ಷಗಳಲ್ಲಿ ಕಾಲು ನೆಟ್ಟಗಾಗುತ್ತದೆ. ಹುಡುಗಿಯರಲ್ಲಿ ಸುಮಾರು 14ಕ್ಕೆ, ಹುಡುಗರಲ್ಲಿ 16ಕ್ಕೆ ಬೆಳವಣಿಗೆ ನಿಂತ ಮೇಲೆ ಎಲುಬು ಕತ್ತರಿಸಿ ಜೋಡಿಸುವುದೊಂದೇ ಉಳಿಯುತ್ತದೆ.

ಚಿಕಿತ್ಸೆ ಪಡೆಯಲು ಪ್ರವಾದಿ(ಸ)ರೇ ಆದೇಶಿಸಿರುವಾಗ ಕೈಕಟ್ಟಿ ಕೂರುವುದು ಯಾವ ತವಕ್ಕುಲ್? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರಕಾರಿ ಶಾಲೆಗಳಲ್ಲಿ ಮಕ್ಕಳನ್ನು ತಪಾಸಿಸುತ್ತವೆ. ಮದ್ರಸಾಗಳಿಗೂ ಆ ತಂಡವನ್ನು ಕಳುಹಿಸುವಂತೆ ಜಮಾಅತ್ ಸಮಿತಿಗಳು ತಾಲೂಕು ಆರೋಗ್ಯಾಧಿಕಾರಿಯನ್ನು ಕೇಳಲಿ.