ಕುಂಟುವ ಕೋಳಿ: ಮೊದಲು ಕಾಲು ನೋಡಿ

ಪಶು ಆಸ್ಪತ್ರೆಯ ಜಗಲಿಯಲ್ಲಿ ಕುಳಿತಿದ್ದ ಹುಡುಗಿಯ ತೊಡೆಯ ಮೇಲೆ ಮಂಕರಿ ಇತ್ತು. ಮಂಕರಿಯೊಳಗೆ ಒಂದು ಹ್ಯಾಟೆ. ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದಳು, ಆರನೆಯ ತರಗತಿ ಇರಬೇಕು. ಪಕ್ಕದಲ್ಲಿದ್ದ ಅಪ್ಪನಿಗೆ ಬಂದದ್ದೇ ಸಂಕೋಚ. "ಕುಂಟು ಕೋಳಿ ಸಾರ್. ಭಾನುವಾರ ಸಾರಿಗಾಗುತ್ತೆ ಅಂತ ಅವರಮ್ಮ ಅಂದ್ಲು. ಅವತ್ತಿಂದ ಇವಳು ಸರಿಯಾಗಿ ಊಟ ಮಾಡಿಲ್ಲ. ಒಂದು ಕೋಳಿಗೋಸ್ಕರ ಬಂದ್ರಾ ಅಂತ ನಗಬೇಡಿ" ಎಂದರು.

ನಗುವಂಥದ್ದೇನೂ ಇರಲಿಲ್ಲ. ಕೋಳಿಯನ್ನು ಎತ್ತಿಕೊಂಡು ಎಡಗಾಲು ನೋಡಿದೆ. ಪಾದದಿಂದ ಒಂದು ಅಂಗುಲ ಮೇಲೆ ಊತ, ಊತದ ನಡುವೆ ಸುತ್ತಲೂ ಒಂದು ಗೆರೆ. ನೆನೆಸಿ ಮೆತ್ತಗೆ ಮಾಡಿ ಚಿಮುಟದಿಂದ ಬಿಡಿಸಿದಾಗ ಆ ಗೆರೆಯೊಳಗಿನಿಂದ ಕೆಂಪು ನೂಲು ಹೊರಬಂತು. ಹುಡುಗಿಯ ಮುಖ ಬಿಳುಪೇರಿತು. "ನಾನೇ ಕಟ್ಟಿದ್ದು ಸಾರ್, ಮರಿಯಾಗಿದ್ದಾಗ. ನಂದು ಅಂತ ಗುರುತಿಗೆ."

ಮರಿ ಬೆಳೆದಿತ್ತು, ನೂಲು ಬೆಳೆದಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಇದು ಹೊಸದಲ್ಲ. ಅಕ್ಕಪಕ್ಕದವರ ಕೋಳಿಗಳ ಜೊತೆ ಬೆರೆಯದಿರಲೆಂದು ಬಟ್ಟೆಯ ಚೂರು ಕಟ್ಟುತ್ತಾರೆ. ಸಂತೆಯಿಂದ ತಂದ ಕೋಳಿಗೆ ಮನೆ ರೂಢಿಯಾಗಲಿ ಎಂದು ನೈಲಾನ್ ಹುರಿಯಲ್ಲಿ ಗೂಟಕ್ಕೆ ಬಿಗಿಯುತ್ತಾರೆ. ಉದ್ದ ಕೂದಲು, ಹರಿದ ಚೀಲದ ಎಳೆ ಬೆರಳಿಗೆ ಸುತ್ತಿಕೊಳ್ಳುವುದೂ ಉಂಟು. ರಕ್ತ ಹರಿಯದೆ ಬೆರಳು ಕಪ್ಪಾಗಿ ಉದುರಿದ ಮೇಲೆ "ಯಾವುದೋ ರೋಗ ಬಂತು" ಎನ್ನುತ್ತೇವೆ.

ಕುಂಟುವುದು ಒಂದು ರೋಗವಲ್ಲ, ಎಲ್ಲೋ ಏನೋ ಆಗಿದೆ ಎಂಬ ಸುದ್ದಿ. ಆ ಸುದ್ದಿ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡೇ ಕೆಲಸ: ಕೊಯ್ಯುವುದು, ಇಲ್ಲವೇ ಬೇಗ ಮಾರಿಬಿಡುವುದು. ಮೂರನೆಯದೊಂದಿದೆ, ಅದಕ್ಕೆ ಕಾಸು ಖರ್ಚಿಲ್ಲ. ಕೋಳಿಯನ್ನು ಹಿಡಿದು ಕಾಲು ನೋಡುವುದು.

ನೋಡುವ ಮೊದಲು ಕಾಲಿನ ವಿಚಾರ ಸ್ವಲ್ಪ ತಿಳಿದಿರಬೇಕು. ಕೋಳಿಯ ಮೊಣಕಾಲು ಹಿಂದಕ್ಕೆ ಮಡಚುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಮೊಣಕಾಲಲ್ಲ, ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಮೇಲೆ ಪುಕ್ಕದೊಳಗೆ ಅಡಗಿದೆ ಮತ್ತು ನಮ್ಮದರಂತೆಯೇ ಮಡಚುತ್ತದೆ. ಎಂದರೆ ಕೋಳಿ ಯಾವಾಗಲೂ ತುದಿಗಾಲಿನಲ್ಲಿ ನಡೆಯುವ ಪ್ರಾಣಿ. ಮೈಭಾರವೆಲ್ಲ ಬೆರಳುಗಳ ಮೇಲೆ, ಅವುಗಳ ನಡುವಿನ ಮೆತ್ತನೆಯ ಅಂಗಾಲಿನ ಮೇಲೆ ಬೀಳುತ್ತದೆ. ಅಲ್ಲಿ ಮುಳ್ಳು ಚುಚ್ಚಿದರೂ ಅದಕ್ಕೆ ಕುಳಿತು ಸುಧಾರಿಸಿಕೊಳ್ಳುವ ಸೌಕರ್ಯವಿಲ್ಲ; ಕುಳಿತರೆ ಬೇರೆ ಕೋಳಿಗಳು ಕುಕ್ಕುತ್ತವೆ, ಕಾಳೂ ಸಿಗುವುದಿಲ್ಲ. ಹಾಗಾಗಿ ಆದಷ್ಟು ದಿನ ನೋವನ್ನು ಮುಚ್ಚಿಡುತ್ತದೆ. ನಮ್ಮ ಕಣ್ಣಿಗೆ ಕುಂಟು ಬೀಳುವ ಹೊತ್ತಿಗೆ ನೋವು ಹಳೆಯದಾಗಿರುತ್ತದೆ.

ನೋಡಲು ರಾತ್ರಿ ಒಳ್ಳೆಯ ಸಮಯ. ಕತ್ತಲಾದ ಮೇಲೆ ಕೋಳಿ ಓಡುವುದಿಲ್ಲ, ಒದ್ದಾಡುವುದೂ ಕಡಿಮೆ. ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸಬೇಡಿ. ರೆಕ್ಕೆಗಳನ್ನು ಮೈಗೆ ಸೇರಿಸಿ ಕಂಕುಳಲ್ಲಿ ಅವುಚಿಕೊಂಡರೆ ಸುಮ್ಮನಿರುತ್ತದೆ. ಒಬ್ಬರು ಟಾರ್ಚ್ ಹಿಡಿಯಲಿ. ಉಗುರು, ಬೆರಳ ಸಂದು, ಅಂಗಾಲು, ಕಾಲಿನ ಹುರುಪೆ, ಹಿಮ್ಮಡಿಯ ಕೀಲು, ತೊಡೆ, ಹೀಗೆ ಕೆಳಗಿನಿಂದ ಮೇಲಕ್ಕೆ ಬನ್ನಿ. ಎರಡೂ ಕಾಲನ್ನು ಮುಟ್ಟಿ ಹೋಲಿಸಿ. ಒಂದು ಬಿಸಿಯಾಗಿದೆಯೇ, ದಪ್ಪವಾಗಿದೆಯೇ ಎಂಬುದು ಬೆರಳಿಗೆ ಗೊತ್ತಾಗುತ್ತದೆ.

ಹೆಚ್ಚಾಗಿ ಕಾಣುವುದು ಅಂಗಾಲಿನ ಬಾವು. ಸಣ್ಣ ಗಾಯದ ಮೂಲಕ ರೋಗಾಣು ಒಳಸೇರಿ, ಅಂಗಾಲು ಊದಿ, ನಡುವೆ ಆಣಿಯಂತೆ ಕಪ್ಪು ಹೆಪ್ಪಳೆ ಕಟ್ಟುತ್ತದೆ. ಇದನ್ನು ಹಿಸುಕಿ ಕೀವು ತೆಗೆಯಲು ಹೋಗುವವರಿದ್ದಾರೆ. ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಿಣ್ಣಿನಂತೆ ಗಟ್ಟಿಯಾಗಿರುತ್ತದೆ. ಹಿಸುಕಿದರೆ ಸೋಂಕು ಇನ್ನೂ ಒಳಕ್ಕೆ ಹೋಗುತ್ತದೆ. ಬ್ಲೇಡಿನಿಂದ ಕುಯ್ಯುವುದಂತೂ ಬೇಡವೇ ಬೇಡ. ಊತ ಚಿಕ್ಕದಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲು ನೆನೆಸಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಶುದ್ಧ ಬಟ್ಟೆಯ ಪಟ್ಟಿ ಕಟ್ಟಿ. ದಿನವೂ ಬಿಚ್ಚಿ ನೋಡಿ ಹೊಸದು ಕಟ್ಟಬೇಕು. ಪಟ್ಟಿ ಬಿಗಿಯಾದರೆ ಅದೂ ಕೆಂಪು ನೂಲಿನ ಕೆಲಸವನ್ನೇ ಮಾಡೀತು. ಮೂರು ದಿನದಲ್ಲಿ ಇಳಿಮುಖವಾಗದಿದ್ದರೆ, ಮೊದಲಿಗೇ ಊತ ದೊಡ್ಡದಿದ್ದರೆ, ಪಶುವೈದ್ಯರಿಗೆ ತೋರಿಸಿ.

ಮದ್ದಿನಷ್ಟೇ ಮುಖ್ಯ, ಬಾವು ಏಕೆ ಬಂತೆಂದು ಹುಡುಕುವುದು. ಗೂಡಿನ ನೆಲ ಒದ್ದೆಯೇ? ಹಿಕ್ಕೆ ಗಟ್ಟಿಕಟ್ಟಿದೆಯೇ? ಕೂರುವ ಅಡ್ಡಗೋಲು ಬಹಳ ಎತ್ತರವೇ, ಅದರ ಅಂಚು ಚೂಪೇ? ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ಭಾರದ ತಳಿಗಳು ಎತ್ತರದಿಂದ ದಿನಾ ಧೊಪ್ಪೆಂದು ಹಾರಿದರೆ ಅಂಗಾಲು ಜಜ್ಜುತ್ತದೆ. ಅಂಥವಕ್ಕೆ ಅಡ್ಡಗೋಲು ನೆಲದಿಂದ ಒಂದೂವರೆ ಅಡಿಯೊಳಗಿರಲಿ, ಕೆಳಗೆ ಒಣ ಭತ್ತದ ಹೊಟ್ಟು ಹಾಸಿ. ಮೊಳೆ, ತಂತಿ, ಗಾಜಿನ ಚೂರುಗಳನ್ನು ಹಿತ್ತಲಿನಿಂದ ಹೆಕ್ಕುವ ಕೆಲಸ ಮಕ್ಕಳದಾಗಲಿ.

ಕಾಲಿನ ಹುರುಪೆ ಎದ್ದು, ಸುಣ್ಣ ಮೆತ್ತಿದಂತೆ ದಪ್ಪವಾಗಿದ್ದರೆ ಅದು ನುಸಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳು ಹುರುಪೆಯ ಕೆಳಗೆ ಬಿಲ ತೋಡುತ್ತದೆ. ಇದಕ್ಕೆ ಸೀಮೆಎಣ್ಣೆ ಹಚ್ಚುವ ರೂಢಿಯಿದೆ. ಅದು ಚರ್ಮ ಸುಡುತ್ತದೆ. ಸಾಬೂನಿನ ಬೆಚ್ಚನೆಯ ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಗುರಾಗಿ ಉಜ್ಜಿ, ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ. ಹುರುಪೆಯನ್ನು ಕಿತ್ತುಹಾಕಬಾರದು. ಕೆಲವು ವಾರ ತಾಳ್ಮೆಯಿಂದ ಮಾಡಿದರೆ ಹೊಸ ಹುರುಪೆ ಬರುತ್ತದೆ. ಒಂದಕ್ಕೆ ಬಂದಿದ್ದರೆ ಗೂಡಿನ ಎಲ್ಲ ಕೋಳಿಗಳ ಕಾಲನ್ನೂ ನೋಡಬೇಕು.

ಮರಿಗಳ ಕಥೆ ಬೇರೆ. ಪೇಟೆಯ ಬೀದಿಗಳಲ್ಲಿ ಬಣ್ಣ ಹಚ್ಚಿದ ಕೋಳಿಮರಿಗಳನ್ನು ಮಾರುತ್ತಾರೆ. ಮಕ್ಕಳು ಹಟ ಹಿಡಿಯುತ್ತಾರೆ, ತಂದೆತಾಯಿ ಕೊಡಿಸುತ್ತಾರೆ. ಮನೆಗೆ ಬಂದ ಮರಿಗೆ ಚಪ್ಪಲಿಯ ಡಬ್ಬಿಯೇ ಗೂಡು, ಹಾಸಲು ವೃತ್ತಪತ್ರಿಕೆ, ತಿನ್ನಲು ಬರೀ ಅಕ್ಕಿನುಚ್ಚು. ನುಣುಪಾದ ಕಾಗದದ ಮೇಲೆ ಎಳೆಯ ಕಾಲು ಜಾರಿ ಎರಡು ಪಕ್ಕಕ್ಕೂ ಚಾಚಿಕೊಳ್ಳುತ್ತದೆ. ಗೋಣಿತಾಟು ಹಾಸಿ, ಎರಡು ಕಾಲನ್ನೂ ಸಹಜವಾದ ಅಂತರದಲ್ಲಿ ಮೆತ್ತನೆಯ ಪಟ್ಟಿಯಿಂದ ಸಡಿಲವಾಗಿ ಜೋಡಿಸಿದರೆ, ಮೊದಲ ದಿನಗಳಲ್ಲಾದರೆ, ಸರಿಹೋಗುವುದುಂಟು. ಬರೀ ನುಚ್ಚಿನಲ್ಲಿ ರೈಬೋಫ್ಲೇವಿನ್ ಎಂಬ ಬಿ ಜೀವಸತ್ವ ಸಾಲದು. ಅದು ಕಡಿಮೆಯಾದರೆ ಬೆರಳುಗಳು ಒಳಕ್ಕೆ ಮುದುಡಿ ಮರಿ ಹಿಮ್ಮಡಿಯ ಮೇಲೆ ತೆವಳುತ್ತದೆ. ಬೇಗ ಜೀವಸತ್ವ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ತಡವಾದರೆ ನರಗಳಿಗಾದ ಹಾನಿ ಹಾಗೇ ಉಳಿಯುತ್ತದೆ. ಹಿತ್ತಲಲ್ಲಿ ತಾಯಿಯ ಹಿಂದೆ ಸೊಪ್ಪು, ಹುಳು ಕೆದಕಿ ತಿನ್ನುವ ಮರಿಗೆ ಈ ಕಷ್ಟ ಬರುವುದು ಅಪರೂಪ. ಮರಿಗೆ ಬೇಕಾದ ತೀನಿ, ಜಾಗ ಕೊಡಲಾಗದಿದ್ದರೆ ಕೊಡಿಸದಿರುವುದೇ ದಯೆ.

ಕಾಲಿನಲ್ಲಿ ಗಾಯ, ಊತ, ಬಿಸಿ ಯಾವುದೂ ಇಲ್ಲ, ಆದರೂ ಕೋಳಿ ಏಳಲಾರದು ಎಂದಾದರೆ ಎಚ್ಚರವಾಗಬೇಕು. ಪ್ರಾಯದ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಮಲಗಿದರೆ ಅದು ಮಾರೆಕ್ ರೋಗವಿರಬಹುದು. 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್, ಕಾಲು ಸೋತ ಹುಂಜಗಳಲ್ಲಿ ಇದನ್ನು ಗುರುತಿಸಿ ವಿವರಿಸಿದರು. ವೈರಸ್ಸಿನಿಂದ ಬರುವ ಇದಕ್ಕೆ ಮದ್ದಿಲ್ಲ. ಮರಿಯೊಡೆದ ದಿನವೇ ಹಾಕುವ ಲಸಿಕೆಯಿದೆ. ಕಾಲು ಸೋಲುವುದರ ಜೊತೆಗೆ ಕತ್ತು ತಿರುಚುವುದು, ಹಸಿರು ಹಿಕ್ಕೆ, ಉಬ್ಬಸ ಇದ್ದರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಎಂದು ಅನುಮಾನಿಸಬೇಕು. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹಾಕುವ ಒಂದು ಹನಿ ಲಸಿಕೆ, ಎಂಟು ವಾರದ ಸುಮಾರಿಗೆ ಒಂದು ಚುಚ್ಚುಮದ್ದು ಇದನ್ನು ತಡೆಯುತ್ತವೆ.

ಇಂಥ ಹೊತ್ತಿನಲ್ಲೇ ನಾವು ದೊಡ್ಡ ತಪ್ಪು ಮಾಡುವುದು. "ಸಾಯುವ ಮೊದಲು ನಾಲ್ಕು ಕಾಸು ಬರಲಿ" ಎಂದು ಸಂತೆಗೆ ಒಯ್ಯುತ್ತೇವೆ. ನಮ್ಮ ಮನೆಯ ರೋಗ ಇನ್ನೊಬ್ಬರ ಹಿತ್ತಲಿಗೆ ಹೋಗುವುದು ಹೀಗೆ. ಒಂದೇ ಕೋಳಿ ಕುಂಟಿದರೆ ಕಾಲು ನೋಡಿ. ಒಂದರ ಹಿಂದೆ ಒಂದು ಮಲಗಿದರೆ ಮಾರದೆ, ಕೊಯ್ಯದೆ, ಪಶು ಆಸ್ಪತ್ರೆಗೆ ತಿಳಿಸಿ. ಸತ್ತದ್ದನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಿ.

ಔಷಧಿಯ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಉಳಿದ ಮಾತ್ರೆಯನ್ನು ಅರ್ಧ ಮಾಡಿ ಕೋಳಿಗೆ ನುಂಗಿಸಬೇಡಿ. ವೈದ್ಯರು ಆಂಟಿಬಯೋಟಿಕ್ ಕೊಟ್ಟರೆ ಅದರ ಮೊಟ್ಟೆ, ಮಾಂಸವನ್ನು ಎಷ್ಟು ದಿನ ತಿನ್ನಬಾರದೆಂದು ಕೇಳಿಯೇ ಬನ್ನಿ. ಕುಂಟುವ ಕೋಳಿಯನ್ನು ಬೇರೆ ಇಡಿ, ಆದರೆ ಉಳಿದವು ಅದರ ಕಣ್ಣಿಗೆ ಕಾಣುವಂತಿರಲಿ. ಪೂರಾ ದೂರವಾದರೆ ಮರಳಿ ಸೇರಿಸುವಾಗ ಜಗಳ ಜೋರು. ನೀರು, ಕಾಳು ಕೊಕ್ಕಿಗೆ ನಿಲುಕುವಲ್ಲಿರಲಿ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೆ ಹೇಳಿಕೊಡಿ.

ಎಲ್ಲ ಕೋಳಿಯೂ ಉಳಿಯುವುದಿಲ್ಲ. ಆ ಮಾತನ್ನು ಮಕ್ಕಳಿಗೆ ಮುಚ್ಚಿಡಬೇಕಾಗಿಲ್ಲ. ಆದರೆ ಕಾಲನ್ನು ನೋಡಿ, ಮಾಡಬೇಕಾದ್ದನ್ನು ಮಾಡಿ, ಆಮೇಲೆ ಆಡುವ ಮಾತು ಅದು.

ಕೆಂಪು ನೂಲಿನ ಕೋಳಿ ಉಳಿಯಿತು. ಹದಿನೈದು ದಿನ ಹುಡುಗಿ ತಾನೇ ಪಟ್ಟಿ ಬದಲಿಸಿದಳು. ಈಗಲೂ ಸ್ವಲ್ಪ ಕುಂಟುತ್ತದಂತೆ, ಕಾವಿಗೂ ಕೂತಿದೆಯಂತೆ. ಕೊನೆಯ ಸಲ ಬಂದಾಗ ಅವಳು ಕೇಳಿದ್ದು ಒಂದೇ: "ಮರಿ ಆದ್ಮೇಲೆ ಗುರುತಿಗೆ ಏನು ಕಟ್ಲಿ ಸಾರ್?" ಸಡಿಲವಾದ ಪ್ಲಾಸ್ಟಿಕ್ ಉಂಗುರ ಸಿಗುತ್ತದೆ, ಬೆಳೆದಂತೆ ಬದಲಿಸಬೇಕು ಎಂದೆ. ಅವಳಪ್ಪ ನಕ್ಕು, "ಏನೂ ಬೇಡ ಬಿಡವ್ವ, ಅವು ನಿಂದೇ ಅಂತ ಊರಿಗೆಲ್ಲಾ ಗೊತ್ತು" ಎಂದರು.